ಸೆರಗಿನ ಪಿನ್ನು

ಬೆಲ್ ಆದಾಗ ವೆಲಿಟಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕುಸಿದ ಗಂಡ ಕ್ಲಾರೆನ್ಸ್‌ನನ್ನು ನಿನ್ನೆ ಜೆಬೆಲ್ ಅಲಿಯ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದದ್ದು. ಇವತ್ತು, ನಾಲ್ಕು ಸಂಸಾರ ಹಂಚಿಕೊಂಡ ಗಲ್ಫಿನ ಸತ್ವಾದ ಈ ವಿಲ್ಲಾದಲ್ಲಿ, ವಾಷಿಂಗ್ ಮಷೀನಿನ ಸರದಿ ಅವಳದು.

ಬಾಗಿಲಲ್ಲಿ ಡ್ಯಾನಿಯಲ್, ಕ್ಲಾರೆನ್ಸ್‌ನ ನಾಟಕದ ಗೆಳೆಯ, ಹೋಟೆಲಿನ ಯೂನಿಫಾರ್ಮಿನಲ್ಲೇ ನಿಂತಿದ್ದ.

"ಆಗಸ್ಟಿನ್ ಸರ್ ನಾಟಕ ನಿಲ್ಲಿಸಿದ್ರು, ವೆಲಿಟಾ ಬಾಯಿ. ನನ್ನ ಸಾಡೊ ಇಲ್ಲುಂಟಲ್ಲ. ಅವಸರ ಇಲ್ಲ."

ಮದುವೆಯ ಕೆಂಪು ಸಾಡೊ ಸೀರೆ ಪರದೆಯ ಸರಳಿನಲ್ಲಿ ತೂಗುತ್ತಿತ್ತು. ಸೆರಗಿನ ನೆರಿಗೆಗೆ ಕ್ಲಾರೆನ್ಸ್ ಹಾಕಿದ ಪಿನ್ನು ಹಾಗೆಯೇ ಇತ್ತು. ಮಗನಿಗೆ ಬರುವ ಹೆಂಡತಿಗೆಂದು ಡ್ಯಾನಿಯಲ್‌ನ ಅಮ್ಮ ಕೊಟ್ಟು ಕಳಿಸಿದ್ದ ಸೀರೆ ಅದು. ಹೆಂಡತಿ ಬರಲಿಲ್ಲ, ನಾಟಕಕ್ಕೆಂದು ಕ್ಲಾರೆನ್ಸ್ ಎರವಲು ಕೇಳುವವರೆಗೆ ಅದು ಪೆಟ್ಟಿಗೆಯಲ್ಲೇ ಇತ್ತು.

ನಾಟಕ ಐನೂರು ವರ್ಷ ಹಳೆಯ ಇಟಲಿಯ ಪ್ರಹಸನ. ಹುಡುಗಿಯೊಬ್ಬಳು ಮೀಸೆ ಅಂಟಿಸಿಕೊಂಡು ತಾನು ಪ್ರೀತಿಸುವ ಧಣಿಯ ಮನೆಯಲ್ಲೇ ಆಳಾಗಿ ಸೇರುತ್ತಾಳೆ; ಕೊನೆಗೆ ಮೀಸೆ ಕಿತ್ತು ಮದುಮಗಳಾಗಿ ನಿಲ್ಲುತ್ತಾಳೆ. ಆ ಕಾಲದಲ್ಲಿದ್ದ ಹಾಗೆ ಹೆಣ್ಣಿನ ಪಾತ್ರವೂ ಗಂಡಸರಿಗೇ ಎಂದು ನಿರ್ದೇಶಕ ಆಗಸ್ಟಿನ್ ಹಟ ಹಿಡಿದಿದ್ದರು. ಹುಡುಗಿಯಾಗಲು ಕ್ಲಾರೆನ್ಸ್ ಸ್ವಂತ ಮೀಸೆ ಬೋಳಿಸಿ, ಹುಡುಗನಾಗಲು ಅದರ ಜಾಗದಲ್ಲಿ ಇನ್ನೊಂದನ್ನು ಅಂಟಿಸಿಕೊಂಡಿದ್ದ. ಧಣಿಯ ಪಾತ್ರ ಡ್ಯಾನಿಯಲ್‌ನದು.

"ಕೊನೆಗೆ ನನ್ನದೊಂದು ಮಾತಿತ್ತು," ಡ್ಯಾನಿಯಲ್ ಸೀರೆ ಮುಟ್ಟದೆ ಹೇಳಿದ. "ಒಂದೇ ಸಲ, ಎಲ್ಲರ ಎದುರಲ್ಲಿ ಅವನಿಗೆ ಹೇಳ್ಬೇಕೂಂತ ಇತ್ತು. ಹೋಗ್ಲಿ. ಖಲಾಸ್."

ವೆಲಿಟಾ ಅವನ ಮುಖ ನೋಡಿದಳು.

"ಸೀರೆ ಈಗ ಕೊಡುದಿಲ್ಲ. ಅವನ ಪಾತ್ರ ನನಗೆ ಬಾಯಿಪಾಠ. ಮೀನು ಹುರೀತಾ ಮನೇಲಿ ಅವನ ಎದುರು ನಿಮ್ಮ ಪಾತ್ರದ ಮಾತು ಹೇಳ್ತಿದ್ದದ್ದು ನಾನೇ ಅಲ್ವಾ?"

ಅವಳು ಆಗಸ್ಟಿನ್‌ಗೆ ಫೋನು ಮಾಡಿದಳು.

"ಹೆಂಗಸು ಆಡಿದ್ರೆ ಆ ಕಾಲದ ಹಾಗೆ ಎಲ್ಲಿ ಆಗ್ತದೆ ಮಾರಾಯ್ತಿ? ಮತ್ತೆ ನೀನು ಈಗ ಕೆಂಪು ಸಾಡೊ ಉಟ್ರೆ ಜನ ಎಂತ ಹೇಳಿಯಾರು?"

"ಅವನು ಮೀಸೆ ಬೋಳಿಸಿದ್ದು ದಂಡ ಆಗುದು ಬೇಡ, ಸರ್."

"ಮುಂದಿನ ತಿಂಗಳಿಗೆ ಹಾಕುವ," ಎಂದರು ಆಗಸ್ಟಿನ್. "ಆ ದಿನ ಬೇಗ ಬಾ. ಮೀಸೆಯ ಗೋಂದು ಒಣಗ್ಬೇಕು."

ಆ ದಿನ ಗಂಡನ ಪ್ಯಾಂಟಿನ ಕಾಲು ಮಡಚಿ ಹಾಕಿಕೊಂಡು, ಮೀಸೆ ಅಂಟಿಸಿಕೊಂಡು ವೆಲಿಟಾ ರಂಗಕ್ಕೆ ಬಂದಾಗ ಸಭೆ ಉಸಿರು ಬಿಡಲಿಲ್ಲ. ಎದುರು ಸಾಲಿನಿಂದ ನರ್ಸ್ ಬೆಟ್ಟಿಯ ಪಿಸುಮಾತು ಎಲ್ಲರಿಗೂ ಕೇಳಿಸಿತು: "ಕ್ಲಾರೆನ್ಸನಿಗಿಂತ ಮೀಸೆ ಇವಳಿಗೇ ಒಪ್ತದೆ."

ಸಭೆ ಗೊಳ್ಳೆಂದಿತು. ವೆಲಿಟಾಳಿಗೂ ನಗು ತಡೆಯಲಾಗದೆ ಮೀಸೆಯ ಒಂದು ತುದಿ ಎದ್ದಿತು. ಆಮೇಲೆ ಜನ ನಗುವುದನ್ನು ನಿಲ್ಲಿಸಲೇ ಇಲ್ಲ.

ಕೊನೆಯ ದೃಶ್ಯದಲ್ಲಿ ಅವಳು ಸಾಡೊ ಉಟ್ಟು ನಿಂತಳು. ಡ್ಯಾನಿಯಲ್ ಅವಳ ಮುಖ ನೋಡಬೇಕಿತ್ತು; ಅವನು ಸೆರಗಿನ ಪಿನ್ನನ್ನು ನೋಡಿದ.

"ನೀನು ಗಂಡಾಗಿದ್ದಾಗಲೂ ನನ್ನ ಮನಸ್ಸು ನಿನ್ನ ಹಿಂದೆಯೇ ಬರುತ್ತಿತ್ತು. ನನಗದು ಗೊತ್ತಿರಲಿಲ್ಲ ಎಂದು ಮಾತ್ರ ಹೇಳಲಾರೆ."

ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಕ್ಲಾರೆನ್ಸ್ ಎಲ್ಲ ಮಾತನ್ನೂ ತಮಾಷೆ ಮಾಡುತ್ತಿದ್ದ, ಇದರ ಉತ್ತರವೊಂದನ್ನು ಬಿಟ್ಟು. ಅದನ್ನು ಮೆಲ್ಲಗೆ ಹೇಳುತ್ತಿದ್ದ. ಅವಳೂ ಹಾಗೆಯೇ ಹೇಳಿದಳು.

"ನನಗೆ ಗೊತ್ತಿತ್ತು, ಧಣಿ."

ಪರದೆ ಬಿದ್ದ ಮೇಲೆ ಅವಳು ಸೀರೆ ಬಿಚ್ಚಿ ಮಡಚಿ, ಡ್ಯಾನಿಯಲ್‌ನ ಮುಂದೆ ಹಿಡಿದಳು.

"ನನಗೆ ಉಡುವವಳು ಬರುದಿಲ್ಲ, ಬಾಯಿ. ನಿಮ್ಮಲ್ಲೇ ಇರ್ಲಿ."

"ಎರವಲು ತಂದದ್ದು ಅವನು. ಯಲ್ಲಾ, ಬೇಗ ಕೈ ಒಡ್ಡಿ. ಹೊರಗೆ ಬಿರಿಯಾನಿ ಮುಗೀತದೆ."

ಅವನು ಎರಡೂ ಕೈ ಚಾಚಿದ. ಉಳಿದ ಪಿನ್ನುಗಳನ್ನೆಲ್ಲ ಅವಳು ತೆಗೆದಿದ್ದಳು. ಸೆರಗಿನದನ್ನು ಮಾತ್ರ ಹಾಗೆಯೇ ಬಿಟ್ಟಿದ್ದಳು.