ಹನ್ನೆರಡನೆಯ ಸಾವು

ಲೇಖಕಿಯ ಕಾದಂಬರಿಗಳಲ್ಲಿ ಯಾರೂ ಸುಮ್ಮನೆ ಸಾಯುತ್ತಿರಲಿಲ್ಲ. ಸಾಯುವವರಿಗೆಲ್ಲ ಒಂದು ಕಿಟಕಿ, ಕಿಟಕಿಯಲ್ಲಿ ಇಳಿಬಿಸಿಲು, ನೆನಪಿನಲ್ಲಿ ಉಳಿಯುವಂಥ ಒಂದು ಮಾತು ಕಡ್ಡಾಯ. ಸಾವಿನಲ್ಲೂ ಚೆಲುವು ಕಾಣಿಸುವ ಕೈ ಎಂದು ವಿಮರ್ಶಕರು ಹೊಗಳಿದ್ದರು. ಆ ಕೈಗೆ ಹೆಣ ಒದಗಿಸುತ್ತಿದ್ದವರು ಅವಳ ಗಂಡ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಈ ಸಂಗತಿ ಯಾವ ವಿಮರ್ಶಕನಿಗೂ ಗೊತ್ತಿರಲಿಲ್ಲ.

ಪದ್ಧತಿ ಹೀಗಿತ್ತು. ಸಾವಿನ ಅಧ್ಯಾಯ ಮುಗಿದ ಕೂಡಲೇ ಗಂಡ ಬಂದು ಬರೆಯುವ ಕೋಣೆಯ ಮಂಚದ ಮೇಲೆ ಮಲಗಬೇಕು, ಬರೆದಂತೆ ಸಾಯಬೇಕು. ಕೈ ನಿಜವಾಗಿಯೂ ಹಾಗೆ ಜಾರುತ್ತದೆಯೇ, ಅಷ್ಟುದ್ದದ ಮಾತು ಒಂದೇ ಉಸಿರಿಗೆ ಮುಗಿಯುತ್ತದೆಯೇ ಎಂದು ಅವಳು ಮೇಜಿನ ಮುಂದೆ ಕೂತು ನೋಡಿ ತಿದ್ದಿಕೊಳ್ಳುವಳು. ಹೀಗೆ ಅವರು ಹನ್ನೊಂದು ಸಲ ಸತ್ತಿದ್ದರು. ಎರಡು ಸಲ ಕ್ಷಯದಿಂದ, ಒಂದು ಸಲ ಹೆರಿಗೆಯಲ್ಲಿ.

“ಸಾಯೋವ್ನು ಇಷ್ಟೊಂದು ಮಾತಾಡ್ತಾನೇನೆ? ಅಷ್ಟು ಉಸಿರಿದ್ರೆ ಎದ್ದು ಕೂತ್ಕೋಬಹುದಲ್ಲ” ಎಂದು ಪ್ರತಿ ಸಲವೂ ಗೊಣಗುತ್ತಿದ್ದರು. ಆದರೂ ಒಂದು ಸಲವೂ ಒಲ್ಲೆ ಎಂದವರಲ್ಲ, ಪುಣ್ಯಾತ್ಮ.

ಹನ್ನೆರಡನೆಯದು ಒಬ್ಬ ಮುದಿ ಮೇಷ್ಟರ ಸಾವು. ಬೆಳಗಿನಿಂದ ಬಾಯಿಗೆ ಏನೂ ಹಾಕದೆ ಬರೆದು, ಹನ್ನೊಂದು ಗಂಟೆಗೆ ಕರೆದಳು. ಗಂಡ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು, ಹಾಳೆ ಓದಿದರು, ಮಲಗಿದರು. ಮೇಷ್ಟರು ಹೇಳಬೇಕಾಗಿದ್ದ ಮಾತು, ‘ನಾನು ಹೋಗುತ್ತಿಲ್ಲ, ಬೆಳಕಿಗೆ ಜಾಗ ಬಿಡುತ್ತಿದ್ದೇನೆ.’

ಗಂಡ ಕಣ್ಣು ಮುಚ್ಚಿಕೊಂಡು, “ಒಲೆ ಮೇಲೆ ಹಾಲಿಟ್ಟಿದೀನಿ, ನೋಡ್ಕೋ” ಎಂದರು. ಕೈ ಮಂಚದ ಅಂಚಿಗೆ ಜಾರಿತು.

“ತಮಾಷೆ ಬೇಡ ರೀ. ಬರೆದಿರೋದನ್ನ ಹೇಳಿ” ಎಂದಳು ಲೇಖಕಿ. “ಕೈ ಇನ್ನೂ ಸ್ವಲ್ಪ ಕೆಳಗೆ ಬರ್ಲಿ.”

ಕೈ ಇನ್ನೂ ಸ್ವಲ್ಪ ಕೆಳಗೆ ಬಂತು.

“ಹಾಂ, ಹಾಗೆ. ಈ ಸಲ ಚೆನ್ನಾಗಿ ಬಂತು ನೋಡಿ” ಎಂದು ಹಾಳೆಯಲ್ಲಿ ಗುರುತು ಹಾಕಿಕೊಂಡಳು. ಅಷ್ಟರಲ್ಲಿ ಹಾಲು ಉಕ್ಕಿ ಸೀದ ವಾಸನೆ ಬಂತು. ಹೋಗಿ ಒಲೆ ಆರಿಸಿ, ಕಟ್ಟೆ ಒರೆಸಿ, ಪಾತ್ರೆ ನೆನೆಹಾಕಿ, ಬೈದುಕೊಳ್ಳುತ್ತ ವಾಪಸು ಬಂದಳು. ಗಂಡ ಮಲಗಿಯೇ ಇದ್ದರು. ಇಷ್ಟು ಹೊತ್ತು ಅವರು ಯಾವತ್ತೂ ಸತ್ತಿರಲಿಲ್ಲ.

ಹೃದಯಾಘಾತ, ಒಂದು ಕ್ಷಣದಲ್ಲಿ ಹೋಗಿದ್ದಾರೆ ಎಂದರು ಡಾಕ್ಟರು. ಯಾವ ಕ್ಷಣ ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿ, ಅವರು ಕೊನೆಗೆ ಕೇಳಿಸಿಕೊಂಡದ್ದು ಹೆಂಡತಿಯ ತಿದ್ದುಪಡಿಯನ್ನೇ? ಈ ಪ್ರಶ್ನೆ ಅವಳನ್ನು ಬಿಡಲಿಲ್ಲ. ಅಳು ಕೂಡ ಅದನ್ನು ದಾಟಿ ಬರಲಿಲ್ಲ.

“ಕಡೇಗೆ ಏನಂದ ಅಣ್ಣ?” ಎಂದು ನಾದಿನಿ ಕೇಳಿದಳು.

“ಒಲೆ ಮೇಲೆ ಹಾಲಿಟ್ಟಿದೀನಿ ಅಂದ್ರು.”

ನಾದಿನಿಯ ಮುಖ ಸಪ್ಪಗಾಯಿತು. “ಊರೋರಿಗೆಲ್ಲ ಅಷ್ಟು ಚೆಂದದ ಮಾತು ಬರೀತೀರಿ ಅತ್ತಿಗೆ. ನಮ್ಮಣ್ಣಂಗೆ ಒಂದಿಲ್ವಾ?”

ಮಾತು ನ್ಯಾಯವಾಗಿಯೇ ಇತ್ತು. ಲೇಖಕಿ ಮೇಷ್ಟರ ನೆಪದಲ್ಲಿ ಗಂಡನ ಸಾವನ್ನು ಎರಡು ತಿಂಗಳು ಬರೆದಳು. ನದಿ ತಂದಳು, ಹಕ್ಕಿ ತಂದಳು, ಗಾರ್ಡಿನ ಹಸಿರು ಬಾವುಟವನ್ನೂ ಬಿಡಲಿಲ್ಲ. ಓದಿ ನೋಡಿದರೆ ಯಾವುದರಲ್ಲೂ ಗಂಡ ಇರಲಿಲ್ಲ. ಮಲಗಿ ಗೊಣಗುವವರೂ ಇರಲಿಲ್ಲ. ಕೊನೆಗೆ ಎಲ್ಲ ಹರಿದು ಹಾಕಿ, ಮೇಷ್ಟರ ಬಾಯಲ್ಲಿ ಹಾಲಿನ ಮಾತನ್ನೇ ಇಟ್ಟು ಪ್ರಕಾಶಕರಿಗೆ ಕಳಿಸಿದಳು.

ಪ್ರಕಾಶಕರ ಫೋನು ಬಂತು. “ಮೇಡಂ, ಉಳಿದಿದ್ದೆಲ್ಲ ಸರಿ. ಆ ಹಾಲೊಂದು ಬೇಕಾ? ಸಾಯೋ ಹೊತ್ತಲ್ಲಿ ಹಾಲಿನ ಯೋಚನೆ ಯಾಕೆ? ಅದರಲ್ಲಿ ಅರ್ಥ ಏನಿದೆ?”

“ಕಾಫಿಗೆ ಇಟ್ಟಿದ್ದು.”

“ಮೇಷ್ಟ್ರು ಕಾಫಿ ಕುಡೀತಾರೆ ಅಂತ ಹಿಂದೆ ಎಲ್ಲೂ ಬರಲ್ಲ.”

“ನಮ್ಮನೆಯವ್ರು ಕುಡೀತಿರ್ಲಿಲ್ಲ. ಹಾಲೂ ಮುಟ್ತಿರ್ಲಿಲ್ಲ.”

“ಮತ್ತೆ ಯಾರಿಗೆ?”

ಲೇಖಕಿ ಬಾಯಿ ತೆರೆದಳು. ಎರಡು ತಿಂಗಳಿಂದ ಕಣ್ಣೆದುರಿಗೇ ಇದ್ದದ್ದು ಆಗ ಕಂಡಿತು.

“ನಾನು ಬೆಳಗ್ಗಿಂದ ಏನೂ ಕುಡಿದಿರ್ಲಿಲ್ಲ” ಎಂದಳು.

“ಹಾಲು ಇರ್ಲಿ ಮೇಡಂ” ಎಂದರು ಪ್ರಕಾಶಕರು.

ಕೈ ತಿದ್ದಿದ ಮಾತು ಗಂಡನಿಗೆ ಕೇಳಿಸಿತೋ ಇಲ್ಲವೋ, ಅದು ಇನ್ನು ಗೊತ್ತಾಗುವ ಹಾಗಿರಲಿಲ್ಲ. ಅವಳ ಕಾದಂಬರಿಯ ವಿಧವೆಯರು ಕಿಟಕಿಯ ಕಡೆ ತಿರುಗಿ ಒಂದೇ ಒಂದು ಹನಿ ಸುರಿಸುತ್ತಿದ್ದರು. ಲೇಖಕಿ ಫೋನು ಕೆಳಗಿಟ್ಟು, ಖಾಲಿ ಮಂಚದ ಮೇಲೆ ಕೂತು, ಮೂಗು ಸೋರಿಸಿಕೊಂಡು, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವವರೆಗೆ ಬಾಯಿಬಿಟ್ಟು ಅತ್ತಳು.