ಗಾಳಿಗೆ ಬೀಗ ಹಾಕಿದ ವ್ಯಾನು

ಹೆಣ್ಣೊಬ್ಬಳು ಒಂಟಿಯಾಗಿ ಊರು ನೋಡಲು ಹೊರಟರೆ ಬೀದಿಗೆಲ್ಲ ಹೊಟ್ಟೆನೋವು. ಟೈಲರಕ್ಕನ ವಿಷಯದಲ್ಲೂ ಹಾಗೇ ಆಯಿತು.

ಅವಳ ಆಸೆ ದೊಡ್ಡದೇನಲ್ಲ. ತನ್ನ ಹಳೇ ವ್ಯಾನು ಓಡಿಸಿಕೊಂಡು ಕಡಲಂಚಿನ ರಸ್ತೆಯುದ್ದಕ್ಕೂ ಹೋಗಬೇಕು. ಕಣ್ಣಿಗೆ ಚೆಂದ ಕಂಡ ಕಡೆ ನಿಲ್ಲಿಸಬೇಕು. ಅಲ್ಲೇ ಬೇಯಿಸಿ ಉಂಡು, ವ್ಯಾನಿನಲ್ಲೇ ಮಲಗಬೇಕು. ಊರವರ ಸೊಂಟದ ಅಳತೆ ಹಿಡಿದೂ ಹಿಡಿದೂ ಬೇಸತ್ತ ಕೈಗೆ ಸ್ವಲ್ಪ ದಿನ ಸ್ಟೀರಿಂಗ್ ಹಿಡಿಯುವ ಮನಸ್ಸಾಗಿತ್ತು, ಅಷ್ಟೆ.

"ಒಬ್ಬಳೇನಾ? ಜೊತೆಗೆ ಯಾರೂ ಇಲ್ವಾ?" ಅಂದಳು ಹಾಲಿನಂಗಡಿಯವಳು.

"ಸ್ಟೆಪ್ನಿ ಇದೆಯಲ್ಲ," ಅಂದಳು ಟೈಲರಕ್ಕ.

ಅವಳ ಅಣ್ಣನಿಗೆ ಮಾತ್ರ ನಗು ಬರಲಿಲ್ಲ. ಅವನದು ವೆಲ್ಡಿಂಗ್ ಅಂಗಡಿ. "ಕಾಲ ಕೆಟ್ಟಿದೆ ಕಣೇ. ಹೋಗಲೇಬೇಕು ಅಂದ್ರೆ ವ್ಯಾನಿನಲ್ಲಿ ಸೂಜಿ ತೂರುವಷ್ಟೂ ಸಂದು ಇರಬಾರದು. ಒಳಗಿರೋದು ಹೆಂಗಸು ಅಂತ ನರಪಿಳ್ಳೆಗೂ ಗೊತ್ತಾಗಬಾರದು."

ಸಂದು ಮುಚ್ಚುವುದು ಟೈಲರಕ್ಕನಿಗೆ ಯಾರೂ ಹೇಳಿಕೊಡಬೇಕಾದ ಕೆಲಸವಲ್ಲ. ಕಿಟಕಿಗಳಿಗೆ ಒಳಪದರ ಇಟ್ಟು ದಪ್ಪ ಪರದೆ ಹೊಲಿದಳು. ಬಾಗಿಲ ಅಂಚಿಗೆ ಫೋಮ್ ಪಟ್ಟಿ ಅಂಟಿಸಿದಳು. ಮೇಲಿನ ಗಾಳಿಕಿಂಡಿಗೆ ದಿಂಬಿನಂಥದ್ದೊಂದು ಬಿರಡೆ ಹೊಲಿದು ತುರುಕಿದಳು. ಅಣ್ಣ ಸುತ್ತಲೂ ಅಂಗೈ ಹಿಡಿದು ನೋಡಿದ. ಎಲ್ಲೂ ಗಾಳಿ ಸುಳಿಯಲಿಲ್ಲ. "ಭೇಷ್!" ಅಂದವನೇ ತಾನು ಮಾಡಿದ ಪುಟ್ಟ ಇದ್ದಿಲೊಲೆಯನ್ನು ಒಳಗಿಟ್ಟ. "ಅಡುಗೆ ಆಚೆ ಮಾಡ್ಕೋ. ಹೊಗೆಯೆಲ್ಲ ಹೋದ ಮೇಲೆ ಕೆಂಡ ಒಳಗಿಟ್ಕೋ, ಬೆಚ್ಚಗಿರತ್ತೆ. ಎಲ್ಲಿ ನಿಂತರೂ ನನಗೊಂದು ಫೋನ್ ಮಾಡು."

ಅಣ್ಣನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳನ್ನು ಒಂದು ಮಾತು ಕೇಳೋಣ ಅಂತ ಯಾರಿಗೂ ಹೊಳೆಯಲಿಲ್ಲ. ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಮಾತ್ರ ಅವಳ ಮಾತಿಗೆ ಬೆಲೆ.

ಟೈಲರಕ್ಕ ಹೊರಟಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣ್ಣು ಸೋಲುವಷ್ಟು ನೀರು. ಎಷ್ಟೋ ತಿರುವುಗಳಲ್ಲಿ ವ್ಯಾನು ನಿಲ್ಲಿಸಿ ಸುಮ್ಮನೆ ನೋಡಿದಳು. ಮಧ್ಯಾಹ್ನ ದೀಪಸ್ತಂಭದ ಬಳಿಯ ಬಯಲಿನಲ್ಲಿ ತಂಗಿದಳು. ಅನ್ನ ಬೆಂದು ಇಳಿಸುವ ಹೊತ್ತಿಗೆ ಮಳೆ ಸುರಿಯಿತು, ಮೈ ನಡುಗುವ ಚಳಿಯೂ ಬಂತು. ಕೆಂಡ ಕೆಂಪಗೆ ನಿಗಿನಿಗಿ ಅನ್ನುತ್ತಿತ್ತು, ಹೊಗೆಯ ಎಳೆಯೂ ಇರಲಿಲ್ಲ. ಒಲೆಯನ್ನು ಒಳಗಿಟ್ಟಳು. ಕೆಳಗೆ ಬಂಡೆಯ ಮೇಲೆ ಇಬ್ಬರು ಗಂಡಸರು ಗಾಳ ಹಾಕಿ ಕೂತಿದ್ದರು. ಅಣ್ಣನ ಮಾತು ನೆನಪಾಗಿ ಬಾಗಿಲು ಹಾಕಿ, ಪರದೆಗಳನ್ನೆಲ್ಲ ಬಿಗಿದಳು.

ಉಂಡು ಸ್ವಲ್ಪ ಹೊತ್ತಿಗೆ ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣಾ, ಸಮುದ್ರದ ಹತ್ತಿರ ಇದೀನಿ. ತಲೆ ಸಿಡೀತಿದೆ. ಹೊಟ್ಟೆ ತೊಳಸ್ತಿದೆ."

"ಶೀತ ಹೊಡೆದಿದೆ. ಎಲ್ಲ ಮುಚ್ಚಿಕೊಂಡು ಮಲಗು. ಕೆಂಡ ಇದೆ ತಾನೆ?"

"ಇದೆ. ಕಾಲಲ್ಲಿ ಶಕ್ತೀನೇ ಇಲ್ಲ ಅಣ್ಣಾ…"

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತಿಗೆ ಫೋನು ಕಿತ್ತುಕೊಂಡಳು.

"ಕೆಂಡ ಎಲ್ಲಿದೆ?"

"ಒಳಗೆ."

"ಬಾಗಿಲು?"

"ಮುಚ್ಚಿದೆ. ಎಲ್ಲ ಮುಚ್ಚಿದೆ."

"ತೆಗಿ! ಆಚೆ ಬಾ, ಈಗಲೇ!"

"ಮಳೆ ಅತ್ತಿಗೆ… ಒಂಚೂರು ಮಲಗಿ ಆಮೇಲೆ…"

"ಮಲಗಿದ್ರೆ ಏಳಲ್ಲ ಕಣೇ! ಬಾಗಿಲು ಒದಿ, ಕೂಗು!"

ಚಿಲಕ ಅವಳೇ ಹೊಲಿದ ಪರದೆಯ ಹಿಂದಿತ್ತು. ಬೆರಳಿಗೆ ಬಟ್ಟೆ ಸಿಗುತ್ತಿತ್ತು, ಚಿಲಕ ಸಿಗುತ್ತಿರಲಿಲ್ಲ. ಕೂಗಿದಳು, ಒದ್ದಳು. ಹೇಗೋ ಚಿಲಕ ಸರಿಯಿತು. ಬಾಗಿಲನ್ನು ಹೊರಗಿನಿಂದ ಯಾರೋ ಎಳೆದು ತೆರೆದರು. ಗಾಳ ಹಾಕಿ ಕೂತಿದ್ದ ಗಂಡಸರು. ಕೆಸರಿಗೆ ಬೀಳಲಿದ್ದವಳನ್ನು ಹಿಡಿದು ದೂರಕ್ಕೆ ಒಯ್ದರು. ಒಬ್ಬ ತನ್ನ ಕೋಟು ಹೊದಿಸಿದ. ಇನ್ನೊಬ್ಬ ಆಂಬುಲೆನ್ಸಿಗೆ ಫೋನ್ ಮಾಡಿದ.

ಮರುದಿನ ಬೆಳಗ್ಗೆ ಅಣ್ಣ ಅತ್ತಿಗೆ ಆಸ್ಪತ್ರೆಗೆ ಬಂದಾಗ ಟೈಲರಕ್ಕ ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಕೂತಿದ್ದಳು.

"ಬಡ್ಕೊಂಡೆ, ಒಬ್ಬಳೇ ಬೇಡ ಅಂತ," ಅಂದ ಅಣ್ಣ. ಕಣ್ಣು ತುಂಬಿತ್ತು. "ಸಾಕು ಈ ತಿರುಗಾಟ. ವ್ಯಾನು ನಾನು ಓಡಿಸ್ತೀನಿ, ನಡಿ ಮನೆಗೆ."

"ಒಬ್ಬಳೇ ಇದ್ದದ್ದಕ್ಕೆ ಆದದ್ದಲ್ಲ ರೀ ಇದು," ಅಂದಳು ಅತ್ತಿಗೆ. "ನೀವೂ ಜೊತೆಗಿದ್ದಿದ್ರೆ ಎರಡು ಹೆಣ."

"ಹೊಗೆ ಇರಲಿಲ್ವಲ್ಲೇ!"

"ಹೊಗೆ ಇರಲೇಬೇಕು ಅಂತಿಲ್ಲ. ಉರಿಯೋ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರತ್ತೆ. ತಲೆನೋವು, ವಾಕರಿಕೆ, ಸುಸ್ತು, ನಿದ್ದೆ. ಆಮೇಲೆ ಏಳೋದೇ ಇಲ್ಲ."

"ಕಿಟಕಿ ಸ್ವಲ್ಪ ತೆಗೆದಿಟ್ರೆ?"

"ನಂಬಬೇಡಿ. ಇದ್ದಿಲು, ಅಡುಗೆ ಗ್ಯಾಸ್ ಒಲೆ, ಜನರೇಟರ್, ಯಾವುದನ್ನೂ ಟೆಂಟಿನೊಳಗೆ, ಗಾಡಿಯೊಳಗೆ ಉರಿಸಬಾರದು. ಆರ್ತಾ ಬಂದಿರೋ ಕೆಂಡಾನೂ ಬೇಡ."

"ಮತ್ತೆ ಚಳಿಗೆ?"

"ಕಂಬಳಿ ಅಂತ ಒಂದು ಸಾಮಾನು ಇದೆ, ಕೇಳಿದೀರಾ?"

ಟೈಲರಕ್ಕ ಮಾಸ್ಕ್ ಸರಿಸಿದಳು. "ಅಣ್ಣಾ, ನೀನು ಯಾರಿಗೆ ಹೆದರಿ ಸಂದು ಮುಚ್ಚಿಸಿದ್ಯೋ ಅಂಥವರೇ ಬಂದು ಬಾಗಿಲು ಎಳೆದ್ರು. ಊರಿನ ಬಾಯಿಗೆ ಹೆದರಿ ನಾನೂ ಬುದ್ಧಿ ಅಡವಿಟ್ಟು ಕೂತೆ. ಡಾಕ್ಟರು ಹೂಂ ಅಂದ ದಿನ ಮುಂದಕ್ಕೆ ಹೋಗ್ತೀನಿ. ಮನೆಗಲ್ಲ."

ಅಣ್ಣ ವ್ಯಾನಿನ ಕೀ ತೆಗೆದುಕೊಂಡು ಎದ್ದು ಹೋದ.

ಡಾಕ್ಟರು ಅವಳನ್ನು ಕಳಿಸಿದ ದಿನ ವ್ಯಾನು ಆಸ್ಪತ್ರೆಯ ಹೊರಗೆ ನಿಂತಿತ್ತು. ಗಾಳಿಕಿಂಡಿಯ ಬಿರಡೆ ಕಿತ್ತು ಅಣ್ಣ ಜಾಲರಿ ಕೂರಿಸಿದ್ದ. ಚಿಲಕ ಕೈಗೆ ಸಿಗುವಂತೆ ಪರದೆ ಕತ್ತರಿಸಿದ್ದ, ಅದೂ ಸೊಟ್ಟಗೆ. ಒಲೆಯನ್ನು ವ್ಯಾನಿನ ಹಿಂದೆ, ಹೊರಗೆ, ಕೊಕ್ಕೆಗೆ ತೂಗುಹಾಕಿದ್ದ. ಒಳಗೆ ಈ ವಿಷಗಾಳಿ ಬಂದರೆ ಕಿರುಚುವ ಪುಟ್ಟ ಅಲಾರಂ ಇತ್ತು. ಗುಂಡಿ ಒತ್ತಿ ತೋರಿಸಿದ. ಅದು ಕಿರುಚಿದ ರಭಸಕ್ಕೆ ಅವನೇ ಹಾರಿಬಿದ್ದ.

"ಥೇಟ್ ನಿನ್ನ ಅತ್ತಿಗೆ," ಅಂದ.

"ಈಗಲಾದ್ರೂ ಕೇಳಿಸ್ತಲ್ಲ," ಅಂದಳು ಅತ್ತಿಗೆ.

ಅಣ್ಣ ಅತ್ತಿಗೆ ಬಸ್ಸಿಗೆ ನಡೆದರು. ಟೈಲರಕ್ಕ ಕಡಲ ದಾರಿ ಹಿಡಿದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ಟೆಂಟೇ ಇರಲಿ, ಗಾಡಿಯೇ ಇರಲಿ, ಬಾಗಿಲು ಹಾಕಿದ ಕೋಣೆಯೇ ಇರಲಿ, ಬೆಚ್ಚಗಿರಲಿ ಅಂತ ಕೆಂಡ ಇಟ್ಟುಕೊಂಡು ಮಲಗಬೇಡಿ. ತಲೆನೋವು, ವಾಕರಿಕೆ ಬಂದರೆ ಮೊದಲು ಆಚೆ ಬನ್ನಿ, ಆಮೇಲೆ ಆಂಬುಲೆನ್ಸ್ ಕರೆಯಿರಿ. ತಂಗಿದ ಜಾಗವನ್ನು ಮನೆಯವರಿಗೆ ತಿಳಿಸಿ. ಮನೆಯಲ್ಲಿ ಕೂತವರೇ, ಹೊರಟ ಹೆಣ್ಣಿಗೆ ನೂರು ಭಯ ಕಟ್ಟಿ ಕೊಡಬೇಡಿ. ನಿಜವಾದ ಅಪಾಯ ಯಾವುದು ಅಂತ ಗೊತ್ತಿರುವವರನ್ನು ಕೇಳಿ, ಅದನ್ನು ಅವಳಿಗೆ ಹೇಳಿ, ದಾರಿ ಬಿಡಿ.