ಅಪ್ಪನ ಕಂಪ್ಯೂಟರಿನಲ್ಲಿ ಮೂರು ಪೈಥಾನ್

ನಮ್ಮ ಮನೆಯವರಿಗೆ ಒಂದು ಚಾಳಿ. ಏನಾದರೂ ಕೆಟ್ಟಿದೆ ಅನ್ನಿಸಿದರೆ ಸಾಕು, ಯಾರನ್ನೂ ಕೇಳದೆ ಸದ್ದಿಲ್ಲದೆ ಹೋಗಿ ರಿಪೇರಿಗೆ ಕೈ ಹಾಕುತ್ತಾರೆ. ಆಮೇಲೆ ಅದರ ಬಗ್ಗೆ ಬಾಯಿ ಬಿಡುವುದೂ ಇಲ್ಲ.

ಗಂಟಲಿನ ಆಪರೇಷನ್ ಆದಮೇಲೆ ಅಪ್ಪನಿಗೆ ದನಿ ಇಲ್ಲ. ನಮಗೇನೋ ಬರೆದು ತೋರಿಸುತ್ತಾರೆ. ಆದರೆ ದೂರದೂರಿನಲ್ಲಿರುವ ಅವರ ಅಕ್ಕನಿಗೆ, ಅಂದರೆ ನಮ್ಮ ಸೋದರತ್ತೆಗೆ, ಕಣ್ಣು ಕಾಣುವುದಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿ ಅತ್ತೆ ಒಬ್ಬರೇ ಮಾತಾಡುತ್ತಿದ್ದರು, ಅಪ್ಪ ಮೇಜು ಕುಟ್ಟಿಯೇ 'ಹೂಂ' ಅನ್ನುತ್ತಿದ್ದರು. ಅದಕ್ಕೇ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಮನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಅದನ್ನು ಓಡಿಸುವ ಅದೇ ಹೆಸರಿನ ತಂತ್ರಾಂಶವನ್ನೂ ಅಪ್ಪನ ಕಂಪ್ಯೂಟರಿಗೆ ಹಾಕಿದೆ. ಕಾಲೇಜಿನಲ್ಲಿ ಅದನ್ನೇ ಕಲಿಸುವವಳು ನಾನು, ಅಷ್ಟೂ ಆಗದಿದ್ದರೆ ಹೇಗೆ?

ಈ ಭಾನುವಾರ, ಅತ್ತೆಯ ಫೋನ್ ಬರುವುದಕ್ಕೆ ಸ್ವಲ್ಪ ಮೊದಲು, ಪ್ರೋಗ್ರಾಮ್ ಓಡಿಸಲು ಅಪ್ಪನ ಕಂಪ್ಯೂಟರಿನಲ್ಲಿ ರನ್ ಗುಂಡಿ ಒತ್ತಿದೆ. ಏನೋ ತಪ್ಪಿದೆ ಎನ್ನುವ ಕೆಂಪಕ್ಷರ ಬಂತು. ಮಾತಾಡಿಸುವ ಮಾಡ್ಯೂಲೇ, ಅಂದರೆ ಪೈಥಾನಿಗೆ ಬೇರೆಯಾಗಿ ಜೋಡಿಸುವ ಭಾಗವೇ, ಸಿಗಲಿಲ್ಲವಂತೆ! ನಿನ್ನೆ ತಾನೇ ನನ್ನ ಕೈಯಾರೆ ಹಾಕಿದ್ದೆ. ಮತ್ತೆ ಇನ್‌ಸ್ಟಾಲ್ ಮಾಡಲು ಹೋದರೆ, ಆಗಲೇ ಇದೆ ಎಂದಿತು. ರನ್ ಒತ್ತಿದರೆ, ಇಲ್ಲ ಎಂದಿತು. ನನ್ನ ಪಿತ್ತ ನೆತ್ತಿಗೇರಿತು.

"ಒಂದ್ಸಲ ಆಫ್ ಮಾಡಿ ಆನ್ ಮಾಡು," ಎಂದರು ನಮ್ಮ ಯಜಮಾನರು.

"ನೀವು ಸುಮ್ನೆ ಕೂತ್ಕೊಳ್ರೀ!"

ಕೊನೆಗೆ, ತನ್ನನ್ನು ಓಡಿಸುತ್ತಿರುವ ಪೈಥಾನ್ ಯಾವ ಫೋಲ್ಡರಿನದು ಎಂದು ಪ್ರೋಗ್ರಾಮನ್ನೇ ಕೇಳಿದೆ. ನಾನು ಕಂಡು ಕೇಳರಿಯದ ಫೋಲ್ಡರನ್ನು ತೋರಿಸಿತು. ಹುಡುಕಿದರೆ ಒಂದೇ ಕಂಪ್ಯೂಟರಿನಲ್ಲಿ ಮೂರು ಪೈಥಾನ್!

"ಇದ್ಯಾರ ಕೆಲಸ?"

ನನ್ನ ತಮ್ಮ ತಲೆ ಕೆರೆದುಕೊಂಡ. "ಹಳೇದು ಸರಿಯಿಲ್ವೇನೋ ಅಂತ ಹೊಸದು ಹಾಕ್ದೆ ಅಕ್ಕ."

ಯಜಮಾನರು ಕೆಮ್ಮಿದರು. "ನಾನೂ ಒಂದು..."

ಇವರ ಉಪಕಾರಕ್ಕಿಷ್ಟು ಬೆಂಕಿ ಹಾಕ! ನಾನು ಮಾಡ್ಯೂಲ್ ತುಂಬಿದ್ದು ನನ್ನ ಪೈಥಾನಿಗೆ, ರನ್ ಗುಂಡಿ ಓಡಿಸುತ್ತಿದ್ದದ್ದು ತಮ್ಮನದನ್ನು. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಇಟ್ಟು ಪಕ್ಕದ ಮನೆಯಲ್ಲಿ ಹುಡುಕಿದ ಹಾಗೆ.

ಅಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ತಮ್ಮನ ಪೈಥಾನಿಗೇ ಮಾಡ್ಯೂಲ್ ಹಾಕಿಸಿ ರನ್ ಒತ್ತಿದೆ. ಕೆಂಪಕ್ಷರ ಬರಲಿಲ್ಲ. ಅಪ್ಪ ಫೋನ್ ಎತ್ತಿ, ಸ್ಪೀಕರ್ ಹಾಕಿ, ಟೈಪ್ ಮಾಡಿದರು.

"ನಮಸ್ಕಾರ ಅಕ್ಕ. ಚೆನ್ನಾಗಿದ್ದೀಯಾ?" ಎಂದಿತು ಕಂಪ್ಯೂಟರ್, ವಾರ್ತೆ ಓದುವವರ ದನಿಯಲ್ಲಿ.

"ಯಾರ್ರೀ ಅದು?" ಅತ್ತೆ ಗದರಿದರು. "ನಂಗೆ ಯಾವ ಕಂಪನಿ ಸಾಮಾನೂ ಬೇಡ. ಫೋನ್ ಇಡ್ತೀನಿ!"

ವಿವರಿಸಲು ಬಾಯಿ ತೆರೆದೆ. ಅಪ್ಪ ಕೈಯೆತ್ತಿ ನನ್ನನ್ನು ತಡೆದು, ಒಂದೇ ಬೆರಳಿನಲ್ಲಿ ಟಕಟಕ ಒತ್ತಿದರು.

"ಇಟ್ಟೀಯಾ ಜೋಕೆ, ಮೊಂಡಿ. ನಾನು ಕಣೇ."

ಅತ್ತೆಯನ್ನು ಮೊಂಡಿ ಅನ್ನುವ ಧೈರ್ಯ ಜಗತ್ತಿನಲ್ಲಿ ಒಬ್ಬರಿಗೇ ಇರುವುದು. ಆ ಕಡೆ ಅತ್ತೆ ಅಳುತ್ತಿದ್ದರೋ ನಗುತ್ತಿದ್ದರೋ, ನಮಗಂತೂ ತಿಳಿಯಲಿಲ್ಲ.

"ಅಯ್ಯೋ ನನ್ನಪ್ಪಾ... ಇನ್ನೊಂದ್ಸಲ ಬೈಯೋ."